ಹೊತ್ತೊಯ್ದವರ ಮನೆ

ಫೆಬ್ರವರಿ 9

ಅಕ್ಕಾ,

ಅಮ್ಮ ಹೋದಾಗ ಬರೆದದ್ದೇ ಕೊನೆ. ಆಮೇಲೆ ಫೋನಿನಲ್ಲಿ ಆಡಿದ್ದನ್ನು ಮಾತು ಎನ್ನಲು ಮನಸ್ಸಾಗುವುದಿಲ್ಲ. ನೀನು ಊಟ ಆಯಿತೇ ಎನ್ನುತ್ತೀಯ, ನಾನು ಅಲ್ಲಿ ಮಳೆಯೇ ಎನ್ನುತ್ತೇನೆ. ಈ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ನಾನು ಕೂರುವ ಕೋಣೆಯ ಗೋಡೆಗಳೆಲ್ಲ ಗಾಜಿನವು.

ನಮ್ಮ ಬೀದಿಯ ಬೇಕರಿಯಲ್ಲಿ ಹಳೇ ಭಟ್ಟಿ ಒಡೆಯುವಾಗ ಸಿಕ್ಕಿದ, ಒಡವೆ ತುಂಬಿದ ತಾಮ್ರದ ಪಾತ್ರೆ ಈಗ ನನ್ನ ಮೇಜಿನ ಮೇಲಿದೆ. ಸಿಕ್ಕಿದ ಸುದ್ದಿ ನಿನಗೆ ನನಗಿಂತ ಮೊದಲೇ ಗೊತ್ತಾಗಿರುತ್ತದೆ. ಅದು ಯಾರ ಕೈ ಸೇರಿದೆ ಎನ್ನುವುದು ಗೊತ್ತಿರಲಾರದು. ಈ ಮ್ಯೂಸಿಯಮ್ಮಿನಲ್ಲಿ ಹಳೆಯ ಲೋಹ ಶುಚಿ ಮಾಡುವವನು ನಾನೊಬ್ಬನೇ. ಬಟ್ಟಿ ಇಳಿಸಿದ ನೀರು, ಮೆತ್ತನೆಯ ಕುಂಚ, ಬಿದಿರಿನ ಕಡ್ಡಿ. ಒಂದು ಓಲೆಯ ಮೇಲಿನ ಮಣ್ಣು ಬಿಡಿಸಲು ಒಂದು ಬೆಳಗು ಬೇಕು, ಏಕೆಂದರೆ ಮಣ್ಣಿಗೆ ಬೂದಿ ಬೆರೆತು ಕಲ್ಲಾಗಿದೆ. ಕೆಳಗೆ ಚಿನ್ನ ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಹೊಳೆಯುತ್ತದೆ. ಅದರ ಆ ನಿರ್ಲಕ್ಷ್ಯ ನನಗೆ ಸ್ವಲ್ಪ ಸಿಟ್ಟು ತರಿಸುತ್ತದೆ.

ಮೊನ್ನೆ ನಿರ್ದೇಶಕಿ ಪಕ್ಕದ ಸ್ಟೂಲಿನ ಮೇಲೆ ಕೂತು, ನಮ್ಮ ಮನೆಯ ಕಥೆಯನ್ನು ನನಗೇ ಹೇಳಿದರು.

"ಯುದ್ಧದ ಕಾಲ ಕಣ್ರೀ. ಸೈನ್ಯ ಬರ್ತಿದೆ ಅಂತ ಊರಿಗೆ ಊರೇ ಗುಡ್ಡದ ಕಡೆ ಓಡಿತಂತೆ. ಓಡೋ ಮುಂಚೆ ಎಲ್ರೂ ಒಡವೆ ತಂದು ಒಬ್ಬ ಅಕ್ಕಸಾಲಿಗನ ಕೈಗೆ ಕೊಟ್ಟಿದ್ದಾರೆ. ವಾಪಸ್ ಬಂದು ನೋಡಿದ್ರೆ ಅವನೂ ಇಲ್ಲ, ಒಡವೆನೂ ಇಲ್ಲ. ಹೆಂಡತಿ, ಮಗು ಇಬ್ರನ್ನೂ ಬಿಟ್ಟು ಪರಾರಿ. ಆಮೇಲೆ ಬಂದು ತಗೊಳ್ಳೋಣ ಅಂತ ಹೂತಿಟ್ಟಿರಬೇಕು, ಬರೋಕಾಗಿಲ್ಲ. ಆ ಮನೆಯವರನ್ನ ಇವತ್ತಿಗೂ 'ಹೊತ್ತೊಯ್ದವರು' ಅಂತಾರಂತೆ. ಚೆನ್ನಾಗಿದೆ ಅಲ್ವಾ ಹೆಸರು?"

ಚೆನ್ನಾಗಿದೆ ಎಂದೆ.

ಪ್ರದರ್ಶನದ ಫಲಕಕ್ಕೆ 'ಕದ್ದ ಮಾಲು' ಎಂಬ ತಲೆಬರಹವನ್ನು ಅವರು ಆಗಲೇ ಗೊತ್ತುಮಾಡಿದ್ದಾರೆ. ನಾನು ಯಾವ ಊರಿನವನೆಂದು ಇಲ್ಲಿ ಯಾರಿಗೂ ತಿಳಿಯದು. ಸದ್ಯಕ್ಕೆ ಹಾಗೇ ಇರಲಿ.

ತಮ್ಮ


ಫೆಬ್ರವರಿ 20

ತಮ್ಮಾ,

'ಚೆನ್ನಾಗಿದೆ ಎಂದೆ.' ಇಷ್ಟು ಹೇಳುವುದಕ್ಕೆ ನೀನು ಅಷ್ಟು ದೂರ ಹೋಗಿ ಅಷ್ಟು ವರ್ಷ ಓದಬೇಕಾಗಿತ್ತೇ? ಇಲ್ಲೇ ಇದ್ದಿದ್ದರೂ ಹೇಳಬಹುದಿತ್ತು. ಬೀದಿಯವರೆಲ್ಲ ಅದನ್ನೇ ಹೇಳುತ್ತಾರೆ.

ಬೇಕರಿಯ ಮುಂದೆ ಈಗ ಜನವೋ ಜನ. ಬಂದವರು ಮೊದಲು ಗುಂಡಿಯೊಳಗೆ ಇಣುಕುತ್ತಾರೆ, ಆಮೇಲೆ ತಿರುಗಿ ನನ್ನ ಅಂಗಡಿಯನ್ನು ನೋಡುತ್ತಾರೆ. ನಾನು ಮಿಷಿನ್ನಿನ ಮುಂದೆ ಕೂತು ಕೀ ಕೊರೆಯುತ್ತಿರುತ್ತೇನೆ. ಸದ್ದು ಸ್ವಲ್ಪ ಜಾಸ್ತಿಯೇ ಮಾಡುತ್ತೇನೆ. ನಿನ್ನೆ ಬೇಕರಿಯವನೇ ಬಂದ.

"ಅಕ್ಕಾ, ಹೊಸ ಬಾಗಿಲಿಗೆ ಎರಡು ಕೀ ಬೇಕಿತ್ತು."

"ಕೊಡು."

"ಅಲ್ಲಕ್ಕಾ, ನಿಮ್ಮ ಮುತ್ತಜ್ಜನಿಗೆ ನಮ್ಮ ಭಟ್ಟಿ ಕೆಳಗೇ ಆಗಬೇಕಿತ್ತಾ? ಬೇರೆ ಜಾಗ ಸಿಗಲಿಲ್ವಾ?"

"ನಿಮ್ಮ ಮನೆ ಬನ್ನು ತಿನ್ನೋಕೆ ಯಾರು ಬರ್ತಾರೆ, ನಿಶ್ಚಿಂತೆಯಾಗಿರುತ್ತೆ ಅಂತ ಇಟ್ಟಿರಬೇಕು."

ಕೀ ಮಾಡಿಸಿಕೊಂಡು ಹೋದ. ಒಂದನ್ನು ಎಂದಿನಂತೆ ನನ್ನ ಗೋಡೆಯ ಮೊಳೆಗೇ ತಗುಲಿಹಾಕಿ ಹೋದ, ಕಳೆದುಹೋದರೆ ಇರಲಿ ಎಂದು. ಈ ಬೀದಿಯ ಅರ್ಧ ಮನೆಗಳ ಬೀಗದ ಕೈ ನನ್ನ ಗೋಡೆಯ ಮೇಲಿವೆ ಕಣೋ. ಹೊತ್ತೊಯ್ದವರು ಅನ್ನುತ್ತಲೇ ಕೊಟ್ಟು ಹೋಗುತ್ತಾರೆ. ಚಿನ್ನ ಮಾತ್ರ ಕೊಡುವುದಿಲ್ಲ. ಕೊಡುವವರಿಲ್ಲದೆ ಅಜ್ಜ ಹಿತ್ತಾಳೆಗೆ ಇಳಿದ, ಅಪ್ಪ ಬೀಗಕ್ಕೆ ಇಳಿದ. ಇನ್ನು ಇಳಿಯುವುದಕ್ಕೆ ಜಾಗವಿಲ್ಲ.

ಚಿನ್ನವನ್ನು ಅವರೇ ಇಟ್ಟುಕೊಳ್ಳಲಿ. ಪಾಲು ಬೇಡ ಎಂದು ಬರೆಸಿಕೊಳ್ಳುವುದಕ್ಕೆ ನೀನು ಇದೆಲ್ಲ ಬರೆದಿದ್ದರೆ, ಕಾಗದ ಕಳಿಸು, ರುಜು ಹಾಕುತ್ತೇನೆ. ಆದರೆ ಫಲಕದ ಆ ಎರಡು ಪದ ತೆಗೆಸು. ಬೀದಿಯ ಮಾತು ಗಾಳಿ, ಕಿಟಕಿ ಹಾಕಿಕೊಂಡರೆ ಆಯಿತು. ಅಚ್ಚಾಗಿ ಗಾಜಿನೊಳಗೆ ಕೂತದ್ದನ್ನು ಯಾರೂ ಅಳಿಸಲಾರರು.

ಅಕ್ಕ


ಫೆಬ್ರವರಿ 27

ಅಕ್ಕಾ,

ಪಾಲಿನ ಮಾತು ನಾನು ಎತ್ತಲಿಲ್ಲ. ಎತ್ತುವುದೂ ಇಲ್ಲ.

ನಾನು ಆ ಮನೆಯವನೆಂದು ಹೇಳಿದ ದಿನವೇ ಈ ಮೇಜಿನಿಂದ ನನ್ನನ್ನು ಎಬ್ಬಿಸುತ್ತಾರೆ. ಸಂಬಂಧ ಇರುವವರು ಮುಟ್ಟಬಾರದು ಎನ್ನುವುದು ನಿಯಮ, ಅದು ಸರಿಯಾದ ನಿಯಮವೇ. ಆಮೇಲೆ ಇದನ್ನು ಯಾರೋ ತೊಳೆಯುತ್ತಾರೆ, ಯಾರೋ ಬರೆಯುತ್ತಾರೆ. ಎಲ್ಲವನ್ನೂ ಒಮ್ಮೆ ನೋಡಿ ಮುಗಿಸುವವರೆಗೆ ನಾನು ಸುಮ್ಮನಿರಬೇಕು. ನೀನು ಇದಕ್ಕೆ ಬೇರೆ ಹೆಸರಿಡುತ್ತೀಯ ಎಂದು ಗೊತ್ತು.

ಒಂದು ವಿಚಿತ್ರ. ಪಾತ್ರೆಯಲ್ಲಿ ಇದುವರೆಗೆ ಸಿಕ್ಕಿದ್ದೆಲ್ಲ ಒಂಟಿ. ಓಲೆ ಒಂದು, ಅದರ ಜೋಡಿ ಇಲ್ಲ. ಕಡಗ ಒಂದು, ಜೋಡಿ ಇಲ್ಲ. ತೋಳಬಂದಿಯೂ ಹಾಗೆಯೇ. ಸರವಂತೂ ಒಂದೂ ಇಲ್ಲ. ಇಬ್ಬರು ಕಳ್ಳರು ಸಮ ಪಾಲು ಮಾಡಿಕೊಂಡಿದ್ದಾರೆ, ಸರಗಳು ಇನ್ನೊಬ್ಬನಿಗೆ ಹೋಗಿವೆ ಎಂದು ನಿರ್ದೇಶಕಿಯ ಊಹೆ. ಅವರಿಗೆ ಕಥೆ ಇನ್ನೂ ರುಚಿಯಾಗಿದೆ.

ಅಮ್ಮನ ಹತ್ತಿರ ಒಂದು ಒಂಟಿ ಓಲೆ ಇತ್ತಲ್ಲ? ಏಳು ಎಸಳು, ನಡುವೆ ಹಸಿರು ಕಲ್ಲು. ಅದು ನಿನ್ನ ಹತ್ತಿರ ಇದೆಯೇ? ಯಾಕೆಂದು ಈಗ ಕೇಳಬೇಡ.

ತಮ್ಮ


ಮಾರ್ಚ್ 3

ತಮ್ಮಾ,

ಮಾರಿಬಿಟ್ಟೆ.

ನಿನಗೆ ಯಾಕೆ ಬೇಕೆಂದು ಕೇಳುವುದಿಲ್ಲ, ಕೇಳಬೇಡ ಎಂದಿದ್ದೀಯಲ್ಲ. ಅದನ್ನೂ ತೊಳೆದು ಕಳ್ಳನ ಮಾಲಿನ ಪಕ್ಕ ಇಡುವ ಯೋಚನೆಯಿದ್ದರೆ ಬಿಟ್ಟುಬಿಡು.

ಅಕ್ಕ


ಮಾರ್ಚ್ 10

ಅಕ್ಕಾ,

ನಿನ್ನ ಪತ್ರ ಬಂದ ದಿನವೇ ಪಾತ್ರೆಯ ತಳದಲ್ಲಿ ಅದು ಸಿಕ್ಕಿತು. ಏಳು ಎಸಳು, ನಡುವೆ ಹಸಿರು ಕಲ್ಲು. ಒಂದು ಎಸಳಿನ ತುದಿ ಒಳಕ್ಕೆ ಬಾಗಿದೆ. ಅಮ್ಮನದರಲ್ಲಿಯೂ ಒಂದು ಎಸಳು ಬಾಗಿತ್ತು, ಇನ್ನೊಂದು ಪಕ್ಕದಲ್ಲಿ. ಭೂತಗನ್ನಡಿ ಕೆಳಗಿಟ್ಟು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಯಾಕೆ ತೊಳೆದುಕೊಂಡೆನೋ ತಿಳಿಯದು.

ಆಮೇಲೆ, ಹೇಗೆಂದು ಹೇಳಲಾರೆ, ಅಪ್ಪನ ಅಂಗಡಿ ನೆನಪಾಯಿತು. ಯಾರೋ ಕೆಟ್ಟ ಬೀಗ ತಂದುಕೊಟ್ಟು ಚೀಟಿಗೆ ಕೈ ಚಾಚುತ್ತಿದ್ದರು. ಅಪ್ಪ ಹೇಳುತ್ತಿದ್ದದ್ದು ನಿನಗೂ ಬಾಯಿಪಾಠವಿರಬೇಕು. "ಚೀಟಿ ಯಾಕೆ? ಬೀಗ ನನ್ನ ಹತ್ರ, ಕೀ ನಿಮ್ಮ ಹತ್ರ. ಒಂದಿಲ್ಲದೆ ಇನ್ನೊಂದು ಯಾರಿಗೂ ಉಪಯೋಗಕ್ಕೆ ಬರಲ್ಲ. ಇದಕ್ಕಿಂತ ಚೀಟಿ ಬೇಕಾ?" ಅಪ್ಪನಿಗೆ ಬರೆಯುವುದು ಬೇಜಾರು ಎಂದುಕೊಂಡಿದ್ದೆ. ಅಜ್ಜನಿಂದ ಬಂದ ಕ್ರಮ ಅದು. ಅಜ್ಜನಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ.

ಮುತ್ತಜ್ಜ ಪ್ರತಿ ಜೋಡಿಯಲ್ಲಿ ಒಂದನ್ನು ತಾನು ತೆಗೆದುಕೊಂಡು ಇನ್ನೊಂದನ್ನು ಊರವರ ಕೈಯಲ್ಲೇ ಬಿಟ್ಟಿದ್ದಾನೆ, ಅಕ್ಕಾ. ಅದೇ ಅವರಿಗೆ ರಸೀತಿ. ಸರಗಳು ಯಾಕಿಲ್ಲ? ಸರಕ್ಕೆ ಜೋಡಿಯಿಲ್ಲ, ಆದ್ದರಿಂದ ಅವನು ಇಟ್ಟುಕೊಳ್ಳಲು ಒಪ್ಪಿಯೇ ಇಲ್ಲ. ತನ್ನ ಹೆಂಡತಿಯ ಓಲೆಯನ್ನೂ ಅದೇ ಕ್ರಮದಲ್ಲಿ ಒಂದನ್ನು ಒಳಗಿಟ್ಟು ಒಂದನ್ನು ಅವಳಿಗೆ ಕೊಟ್ಟಿದ್ದಾನೆ. ಕದ್ದವನಾಗಿದ್ದರೆ ಹೆಂಡತಿಗೆ ಜೋಡಿಯನ್ನೇ ಕೊಡುತ್ತಿದ್ದ.

ನೀನು ಮಾರದೇ ಇದ್ದಿದ್ದರೆ ನಾನು ಅದನ್ನು ಹಿಡಿದು ನಿರ್ದೇಶಕಿಯ ಮುಂದೆ ನಿಲ್ಲಬಹುದಿತ್ತು. ದೂರುತ್ತಿಲ್ಲ. ದೂರುತ್ತಿದ್ದೇನೆ.

ಜೊತೆಗೆ ಕೆಲವು ಫೋಟೋಗಳಿವೆ. ಕಳಿಸಬಾರದು, ಕಳಿಸಿದ್ದೇನೆ. ಬೀದಿಯಲ್ಲಿ ಯಾರ ಮನೆಯಲ್ಲಾದರೂ ಇವುಗಳ ಜೋಡಿ ನೋಡಿದ ನೆನಪಿದ್ದರೆ ಬರೆ. ಬೇರೆ ಯಾರಿಗೂ ತೋರಿಸಬೇಡ.

ತಮ್ಮ


ಮಾರ್ಚ್ 24

ಅಕ್ಕಾ,

ಉತ್ತರವಿಲ್ಲ. ಫಲಕ ಅಚ್ಚಿಗೆ ಹೋಗುವುದರಲ್ಲಿದೆ. ಅದರ ಜೊತೆಗಿನ ವರದಿಗೆ ನಾನು ರುಜು ಹಾಕಬೇಕು. ಪೆನ್ನು ತೆಗೆದು ಮತ್ತೆ ಜೇಬಿಗಿಡುತ್ತಿದ್ದೇನೆ.

ಸಿಟ್ಟಾದರೂ ಸರಿ, ಒಂದು ಸಾಲು ಬರೆ.

ತಮ್ಮ


ಏಪ್ರಿಲ್ 2

ತಮ್ಮಾ,

ಎರಡೂ ಪತ್ರ ಬಂದವು. ನನಗೆ ಇಲ್ಲಿ ಕೈತುಂಬ ಕೆಲಸವಿತ್ತು. ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿಸಿ ಅಂಗಡಿಯ ಶಟರಿಗೆ ಅಂಟಿಸಿದೆ. ಯಾರಿಗೂ ತೋರಿಸಬೇಡ ಎಂದು ನೀನು ಬರೆದದ್ದನ್ನು ಓದಿಯೇ ಅಂಟಿಸಿದೆ. ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: 'ಇವುಗಳ ಜೋಡಿ ಯಾರ ಮನೆಯಲ್ಲಿದೆಯೋ ಅವರು ತಂದು ತೋರಿಸಿ. ಅದನ್ನು ನಿಮ್ಮ ಕೈಗೆ ಬಿಟ್ಟು ಹೋದವನು ಯಾರು ಎಂದು ಮನೆಯಲ್ಲಿ ಕೇಳಿ ಬನ್ನಿ.'

ಜೋಡಿ ನೋಡಿದ ನೆನಪಿದೆಯೇ ಎಂದು ಕೇಳಿದ್ದೀಯ. ಮರೆತುಬಿಟ್ಟೆಯಾ? ನಾವು ಚಿಕ್ಕವರಿದ್ದಾಗ ಯಾರ ಮನೆಗೆ ಆಡಲು ಹೋದರೂ ಒಂದು ಡಬ್ಬಿ ತೆಗೆದು ತೋರಿಸುತ್ತಿದ್ದರು. "ನೋಡಿ ಮಕ್ಕಳೇ, ಇದರ ಜೋಡಿನೇ ನಿಮ್ಮೋರು ಹೊತ್ತೊಯ್ದದ್ದು." ಆಮೇಲೆ ಬಿಸ್ಕತ್ತು ಕೊಡುತ್ತಿದ್ದರು. ನೀನು ತಿನ್ನುತ್ತಿದ್ದೆ, ನಾನು ಜೇಬಿನಲ್ಲಿಟ್ಟುಕೊಂಡು ಬಂದು ಮೋರಿಗೆ ಹಾಕುತ್ತಿದ್ದೆ. ನಮ್ಮನ್ನು ಕಳ್ಳರೆನ್ನಲು ಅವರು ಜೋಪಾನ ಮಾಡಿದ್ದು ಅವನು ಕೊಟ್ಟ ರಸೀತಿಯನ್ನು.

ಬಹಳ ದಿನ ಯಾರೂ ಬರಲಿಲ್ಲ. ಬೇಕರಿಯವನು ಬಂದು ಕೂಗಾಡಿದ.

"ಬೀದಿ ಮಾನ ತೆಗೀಬೇಡಕ್ಕಾ. ನೀನು ಕೀಳದಿದ್ರೆ ನಾನೇ ಹರಿದು ಹಾಕ್ತೀನಿ."

"ಹರಿ ನೋಡೋಣ. ನಿನ್ನ ಮನೆ ಕೀ ಇಲ್ಲೇ ನೇತಾಡ್ತಿದೆ."

ಅವನ ಹೆಂಡತಿ ಅವನ ಹಿಂದೆ ನಿಂತು ಒಂದು ತೋಳಬಂದಿಯ ಫೋಟೋವನ್ನೇ ನೋಡುತ್ತಿದ್ದಳು. 

ಕೊನೆಗೆ ಬಂದದ್ದು ಬಣ್ಣದಂಗಡಿಯ ಅಜ್ಜಿ. ಜಗಳಕ್ಕೇ ಬಂದಳು. ಚೀಲದಿಂದ ಕಡಗ ತೆಗೆದು ಫೋಟೋಕ್ಕೆ ಒತ್ತಿ ಹಿಡಿದಳು. ಅದೇ ಹಕ್ಕಿಯ ತಲೆ, ಅದೇ ಕೆಂಪು ಕಣ್ಣು.

"ನೋಡು, ನೋಡೇ, ನಿಮ್ಮೋರು ಮಾಡಿದ ಕೆಲಸ!"

"ಅಜ್ಜಿ, ಕಳ್ಳ ಇದೊಂದನ್ನ ಯಾಕೆ ಬಿಟ್ಟ?"

"ಕೈಗೆ ಸಿಕ್ಕಿರಲ್ಲ."

"ಎಲ್ಲರ ಮನೇಲೂ ಸರಿಯಾಗಿ ಒಂದೊಂದೇ ಕೈಗೆ ಸಿಗದೆ ಉಳೀತಾ?"

ಅಜ್ಜಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನೀರು ಕೊಟ್ಟೆ. "ನಮ್ಮಜ್ಜಿ ಇದನ್ನ ಮಲಗುವಾಗಲೂ ಬಿಚ್ತಿರಲಿಲ್ಲ," ಎಂದಳು. "ಇದಿದ್ರೆ ಅದು ಬರುತ್ತೆ, ಇದಿದ್ರೆ ಅದು ಬರುತ್ತೆ ಅಂತಿದ್ಲು. ಅರಳುಮರಳು ಅಂತ ನಾವು ನಗ್ತಿದ್ವಿ." ನೀರು ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, "ಆದ್ರೂ ಕಳ್ಳನೇ," ಎಂದು ಎದ್ದು ಹೋದಳು.

ಪೆನ್ನು ಜೇಬಿನಲ್ಲೇ ಇರಲಿ.

ಅಕ್ಕ


ಏಪ್ರಿಲ್ 8

ಅಕ್ಕಾ,

ಹೇಳಿದೆ. ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ನಿರ್ದೇಶಕಿಯ ಕೋಣೆಗೆ ಹೋಗಿ, ಆ ಅಕ್ಕಸಾಲಿಗ ನನ್ನ ಮುತ್ತಜ್ಜ ಎಂದೆ. ಅವರು ಕೈಯಲ್ಲಿದ್ದ ಕಾಗದ ಕೆಳಗಿಡಲಿಲ್ಲ.

"ಇದನ್ನ ಮೊದಲೇ ಹೇಳಬೇಕಿತ್ತು."

"ಹೇಳಿದ್ರೆ ಮೇಜು ತಪ್ಪಿಸ್ತಿದ್ರಿ."

"ಈಗಲೂ ತಪ್ಪಿಸ್ತೀನಿ. ಕೂತ್ಕೊಳ್ಳಿ."

ಕೂತು ಎಲ್ಲ ಹೇಳಿದೆ. ಅಪ್ಪನ ಬೀಗ, ಅಮ್ಮನ ಓಲೆ, ಅಜ್ಜಿಯ ಕಡಗ. ಅವರು ಅಡ್ಡ ಬಾಯಿ ಹಾಕದೆ ಕೇಳಿದರು. ಕೆಟ್ಟವರಲ್ಲ. ಆಮೇಲೆ, "ನಿಮ್ಮ ಮನೆ ಓಲೆ ಎಲ್ಲಿದೆ?" ಎಂದರು.

"ಮಾರಿಹೋಗಿದೆ."

"ನೋಡಿದವರು?"

"ನಾನು."

"ನೀವು ಸಾಕ್ಷಿ ಆಗಲ್ಲ ಅಂತ ನಿಮಗೇ ಗೊತ್ತಲ್ವಾ? ಕಡಗ ಒಂದರಿಂದ ಏನೂ ಆಗಲ್ಲ. ಕದ್ದ ಮಾಲಿಗೂ ಜೋಡಿ ಇರುತ್ತೆ."

ವರದಿಗೆ ರುಜು ಹಾಕುವುದಿಲ್ಲ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸ್ವಲ್ಪ ನಿನ್ನದರ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ನೆಲಮಾಳಿಗೆಗೆ ಕಳಿಸಿದರು. ಇಲ್ಲಿ ಮಡಕೆ ಚೂರುಗಳನ್ನು ಜೋಡಿಸುವುದು ನನ್ನ ಕೆಲಸ. ಚೂರುಗಳಿಗೆ ಯಾರ ಮೇಲೂ ದೂರಿಲ್ಲ.

'ಕದ್ದ ಮಾಲು' ತೆಗೆದಿದ್ದಾರೆ. ಅದರ ಜಾಗದಲ್ಲಿ 'ಮಾಲೀಕರು ತಿಳಿದುಬಂದಿಲ್ಲ' ಎಂದು ಬಂದಿದೆ. ಇದಕ್ಕಿಂತ ಹೆಚ್ಚು ಅವರಿಂದ ಆಗದು. ನೀನು ಇದನ್ನು ಗೆಲುವೆಂದು ತಿಳಿಯುವುದಿಲ್ಲ ಎಂದು ಗೊತ್ತು.

ಇಪ್ಪತ್ತನೇ ತಾರೀಖು ಪ್ರದರ್ಶನ ತೆರೆಯುತ್ತದೆ. ಬರಬೇಡ. ಆಹ್ವಾನವಿದ್ದವರಿಗೆ ಮಾತ್ರ.

ತಮ್ಮ


ಏಪ್ರಿಲ್ 13

ತಮ್ಮಾ,

ಬರುತ್ತೇನೆ.

ಓಲೆ ಮಾರಿಲ್ಲ. ಅಮ್ಮ ಅದನ್ನು ನನ್ನ ಕೈಗಿಟ್ಟಾಗ ಹೇಳಿದ್ದು ಒಂದೇ ಮಾತು. "ಯಾರು ಕೇಳಿದರೂ ಮಾರಿದೆ ಅನ್ನು." ಅಮ್ಮನಿಗೆ ಅವಳ ಅತ್ತೆ ಹೇಳಿದ್ದು, ಆ ಅತ್ತೆಗೆ ಅವಳ ಅತ್ತೆ, ಅಂದರೆ ಮುತ್ತಜ್ಜಿಯೇ, ಹೇಳಿದ್ದು. ನೀನು ಕೇಳಿದಾಗ ಕೈ ತಾನೇ ಬರೆಯಿತು. ನೀನು ಕೇಳಿದ ರೀತಿಯೂ ಹಾಗೇ ಇತ್ತು, ಯಾಕೆಂದು ಕೇಳಬೇಡ ಎನ್ನುವವರಿಗೆ ಈ ಮನೆಯಲ್ಲಿ ಏನೂ ಸಿಗುವುದಿಲ್ಲ.

ಊರವರು ಗುಡ್ಡದಿಂದ ಇಳಿದು ಬಂದು ಮುತ್ತಜ್ಜಿಯನ್ನು ಏನು ಮಾಡಿದರು ಎನ್ನುವುದು ನಿನಗೆ ಗೊತ್ತಿಲ್ಲ. ಗಂಡುಮಕ್ಕಳಿಗೆ ಅದನ್ನು ಹೇಳುವ ರೂಢಿಯಿಲ್ಲ. ಮನೆಯ ಕೋಣೆ ಕೋಣೆಯ ನೆಲ ಅಗೆದರು. ಅವಳನ್ನು ಹೊಡೆದರು. ಅವಳು ಪ್ರತಿ ಏಟಿಗೂ "ನನಗೆ ಹೇಳಿಲ್ಲ" ಎಂದಳು. ಯಾರೂ ನಂಬಲಿಲ್ಲ. ನಿಜ ಹೇಳಲೇ, ನಾನೂ ನಂಬಿರಲಿಲ್ಲ. ಗಂಡನನ್ನು ಕಾಪಾಡಿದಳು ಎಂದುಕೊಂಡಿದ್ದೆ, ಅವಳ ಮೇಲೆ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು. ನಿನ್ನ ಪತ್ರ ಓದಿದ ಮೇಲೆ ಅರ್ಥವಾಯಿತು. ಅವನು ನಿಜವಾಗಿಯೂ ಹೇಳಿರಲಿಲ್ಲ. ಹೇಳಿದ್ದರೆ ಸೈನಿಕರು ಬಾಯಿ ಬಿಡಿಸುತ್ತಾರೆ ಎಂದು ಹೆದರಿದ್ದ. ಅವನಿಗೆ ಸೈನಿಕರು ಗೊತ್ತಿದ್ದರು, ಊರವರು ಗೊತ್ತಿರಲಿಲ್ಲ. ಅವನು ಎಲ್ಲಿ ಸತ್ತನೋ ಕೇಳುವವರೂ ಇರಲಿಲ್ಲ.

ಆಹ್ವಾನದ ಮಾತು ಬಿಡು. ಬೀಗದ ಕೆಲಸ ಮಾಡುವವಳಿಗೆ ಬಾಗಿಲಿನ ಹೆದರಿಕೆ ಹೇಳುತ್ತೀಯಾ?

ಅಕ್ಕ


ಏಪ್ರಿಲ್ 22

ಅಕ್ಕಾ,

ನೀನು ಬಸ್ಸಿನಲ್ಲಿ ನಿದ್ದೆ ಮಾಡಿರುತ್ತೀಯ. ನನಗೆ ಎರಡು ದಿನದಿಂದ ನಿದ್ದೆಯಿಲ್ಲ. ನೀನು ಕಾಣದ ಕೋನದಿಂದ ನಾನು ಕಂಡದ್ದನ್ನು ಬರೆಯುತ್ತೇನೆ.

ನನಗೆ ಮೇಲೆ ಬರಲು ಅನುಮತಿ ಇರಲಿಲ್ಲ. ನೆಲಮಾಳಿಗೆಯ ಮೆಟ್ಟಿಲ ತುದಿಯಲ್ಲಿ ನಿಂತಿದ್ದೆ. ಹೂಗುಚ್ಛ, ಮೈಕು, ಹೊಸ ಬಟ್ಟೆಯವರು. ಅವರ ನಡುವೆ ಮೂವರು ಹೆಂಗಸರು ಬಂದರು. ಬೇಕರಿಯವನ ಹೆಂಡತಿಯನ್ನು ನಾನು ಗುರುತಿಸಲಿಲ್ಲ, ಅವಳ ಒಂದು ತೋಳಿನಲ್ಲಿದ್ದುದನ್ನು ಗುರುತಿಸಿದೆ. ಅಜ್ಜಿಯ ಬಾಯಿ ಆಡುತ್ತಲೇ ಇತ್ತು. ನೀನು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದೆ. ಒಂದು ಕಿವಿಯಲ್ಲಿ ಓಲೆ, ಇನ್ನೊಂದು ಕಿವಿ ಬರಿದು. ಅಮ್ಮ ಅದನ್ನು ಹಾಕಿಕೊಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ಯಾರೂ ನೋಡಿರಲಾರರು.

ನೀನು ಫಲಕದ ಮುಂದೆ ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದಿದೆ. "ಮಾಲೀಕರು ತಿಳಿದುಬಂದಿಲ್ಲ." ಮೈಕಿನಲ್ಲಿ ಮಾತಾಡುತ್ತಿದ್ದವರು ನಿಂತರು. "ಇಲ್ಲೇ ನಿಂತಿದ್ದೀವಲ್ಲ, ತಿಳ್ಕೊಳ್ಳಿ."

ನಿರ್ದೇಶಕಿ ಕನ್ನಡಕ ಹಾಕಿಕೊಂಡು ಗಾಜಿನೊಳಗೆ ನೋಡಿದರು, ನಿನ್ನ ಕಿವಿ ನೋಡಿದರು, ಮತ್ತೆ ಗಾಜಿನೊಳಗೆ ನೋಡಿದರು. ಅಜ್ಜಿ ಕಡಗದ ಕೈ ಎತ್ತಿದಳು. "ನಮ್ಮದೂ ಇದೆ. ಇವಳ ಮುತ್ತಜ್ಜ ಕಳ್ಳನೇ, ಆದ್ರೆ ಕಡಗ ನಮ್ಮದು." ಯಾರೋ ನಕ್ಕರು. ನಿರ್ದೇಶಕಿ ನಗಲಿಲ್ಲ.

"ಇದನ್ನ ನಮಗೆ ಕೊಟ್ರೆ," ಎಂದರು ನಿನಗೆ, ಮೆಲ್ಲಗೆ, "ಜೋಡಿಯಾಗಿ ಇಡ್ತೀವಿ. ನಿಮ್ಮ ಮನೆ ಹೆಸರು ಹಾಕ್ತೀವಿ."

"ಕೊಡಲ್ಲ. ಇದು ಹೊರಗಿರೋವರೆಗೂ ಅದು ನಿಮ್ಮದಾಗಲ್ಲ. ನೀವು ಕಾಯ್ತಿದ್ದೀರಿ, ಅಷ್ಟೆ. ಚೆನ್ನಾಗಿ ಕಾಯಿರಿ."

ಆಮೇಲೆ ನೀನು ನನ್ನನ್ನು ಹುಡುಕಲಿಲ್ಲ. ನನ್ನ ಕೆಲಸಕ್ಕೆ ತೊಂದರೆಯಾಗದಿರಲಿ ಎಂದೇ ಇರಬೇಕು. ಈ ಸಲ ನಾನು ತಪ್ಪು ತಿಳಿದಿಲ್ಲ ಎಂದುಕೊಂಡಿದ್ದೇನೆ.

ಮರುದಿನ ಫಲಕ ಇರಲಿಲ್ಲ. ನಿರ್ದೇಶಕಿ ತಾವೇ ನೆಲಮಾಳಿಗೆಗೆ ಇಳಿದು ಬಂದರು. "ನಿಮ್ಮ ಅಕ್ಕ ಯಾವಾಗಲೂ ಹೀಗೇನಾ?" ಎಂದರು. ಹುಟ್ಟಿದಾಗಿನಿಂದ ಎಂದೆ. ಒಂದು ಖಾಲಿ ಹಾಳೆ ಕೊಟ್ಟು, ಏನು ಬರೆಯಬೇಕೋ ಬರೆಯಿರಿ, ನೋಡೋಣ ಎಂದರು. ಬರೆದೆ: 'ಒಬ್ಬ ಅಕ್ಕಸಾಲಿಗನಿಗೆ ಕಾಯಲು ಕೊಟ್ಟದ್ದು. ಜೋಡಿಗಳು ಊರಿನಲ್ಲಿವೆ.' ಅವರು ಎರಡು ಸಲ ಓದಿ, ಕಿಸೆಯಲ್ಲಿಟ್ಟುಕೊಂಡು ಹೋದರು. ಇವತ್ತು ಬೆಳಿಗ್ಗೆ ಅದು ಗಾಜಿನೊಳಗಿದೆ. ಒಂದು ಅಕ್ಷರವನ್ನೂ ಬದಲಿಸಿಲ್ಲ.

ನಾನು ಇನ್ನೂ ನೆಲಮಾಳಿಗೆಯಲ್ಲೇ ಇದ್ದೇನೆ. ಇರಲಿ.

ತಮ್ಮ


ಮೇ 1

ತಮ್ಮಾ,

ಬಸ್ಸಿನಲ್ಲಿ ನಿದ್ದೆ ಎಲ್ಲಿಂದ ಬರಬೇಕು? ಅಜ್ಜಿ ದಾರಿಯುದ್ದಕ್ಕೂ ಮುತ್ತಜ್ಜನನ್ನು ಬೈಯುತ್ತಲೇ ಇದ್ದಳು. ಊರು ಹತ್ತಿರ ಬಂದಾಗ ಬೈಗುಳ ಮುಗಿದು, "ಅಲ್ಲ, ಅವನಾದ್ರೂ ಎಲ್ಲಿ ಬಿದ್ದು ಸತ್ನೋ ಪಾಪ," ಎಂದಳು. ಆಮೇಲೆ ಕಿಟಕಿ ಕಡೆ ತಿರುಗಿ ಕೂತಳು.

ನೀನು ಮೆಟ್ಟಿಲ ಮೇಲೆ ನಿಂತದ್ದನ್ನು ನೋಡಿದೆ. ತೆಳ್ಳಗಾಗಿದ್ದೀಯ.

ಅಂಗಡಿಗೆ ಹೊಸ ಬೋರ್ಡು ಬರೆಸಿದೆ. 'ಹೊತ್ತೊಯ್ದವರ ಬೀಗದ ಅಂಗಡಿ.' ಪೇಂಟರು ಏಣಿ ಹತ್ತುವ ಮೊದಲೂ ಕೇಳಿದ, ಹತ್ತಿದ ಮೇಲೂ ಕೇಳಿದ, "ಇದನ್ನೇ ಬರೀಲಾ?" ಎಂದು. ಇದನ್ನೇ ಬರಿ, ದಪ್ಪ ಅಕ್ಷರದಲ್ಲಿ ಬರಿ ಎಂದೆ. ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದ.

"ಇದೇನಕ್ಕಾ! ನಾವೇ ಆ ಮಾತು ಬಿಟ್ಟುಬಿಡ್ತಿದ್ವಿ."

"ನಾನು ಬಿಡಲ್ಲ. ಮೂರು ತಲೆಮಾರು ಕರೆದಿದ್ದೀರಿ. ಇನ್ನು ಓದಿ."

ಓದುತ್ತಿದ್ದಾರೆ. ನಿನ್ನೆ ಒಬ್ಬ ಹೊಸ ಗಿರಾಕಿ ಕೆಟ್ಟ ಬೀಗ ಕೊಟ್ಟು, ಬೋರ್ಡು ನೋಡಿ, ನನ್ನನ್ನು ನೋಡಿ, ಚೀಟಿಗೆ ಕೈ ಚಾಚಿದ. ಅವನಿಗೆ ಅಪ್ಪನ ಮಾತನ್ನೇ ಹೇಳಿದೆ, ಬೀಗ ನನ್ನ ಹತ್ರ, ಕೀ ನಿಮ್ಮ ಹತ್ರ ಎಂದು.

ಮೇಲಿನ ನಿನ್ನ ಕೋಣೆಗೆ ಹೊಸ ಬೀಗ ಹಾಕಿದ್ದೇನೆ. ಅದರ ಕೀ ಈ ಲಕೋಟೆಯಲ್ಲಿದೆ. ಇದೊಂದೇ ಕೀ, ನನ್ನ ಗೋಡೆಯ ಮೇಲೆ ಇನ್ನೊಂದು ಇಲ್ಲ.

ಅಕ್ಕ